ನೆಲವೇ ಉಳಿಯದ ಊರು

ಬರ, ಬೇನೆ, ದಂಡಯಾತ್ರೆಗಳಿಂದ ಊರುಗಳು ಹಾಳುಬಿದ್ದ ಸಂಗತಿ ಇತಿಹಾಸಕ್ಕೆ ಹೊಸದಲ್ಲ. ಅಂಥ ಹಾಳೂರಿನಲ್ಲಿ ಮುರಿದ ಗುಡಿಯೋ, ಹೂಳು ತುಂಬಿದ ಬಾವಿಯೋ, ಒಂದು ವೀರಗಲ್ಲೋ ಉಳಿದು ಇಲ್ಲಿ ಜನ ಬಾಳಿದ್ದರೆಂದು ಸಾಕ್ಷಿ ನುಡಿಯುತ್ತದೆ. ಅಣೆಕಟ್ಟಿನ ಮುಳುಗಡೆಯ ಊರು ಕೂಡ ನೀರು ತಗ್ಗಿದಾಗ ಒಮ್ಮೊಮ್ಮೆ ತಲೆಯೆತ್ತುವುದುಂಟು. ಕಲ್ಲಿದ್ದಲಿಗಾಗಿ ಅಗೆದ ಊರಿಗೆ ಮಾತ್ರ ನೆಲವೇ ಉಳಿಯುವುದಿಲ್ಲ. ಅಂಥ ಒಂದು ಊರಿನ ಚರಿತ್ರೆಯನ್ನು ಈಗ ನಿಮ್ಮ ಮುಂದಿಡುತ್ತೇನೆ.

ಜರ್ಮನಿಯ ಪೂರ್ವದಂಚಿನಲ್ಲಿ, ಪೋಲೆಂಡಿನ ಗಡಿಗೆ ತಾಗಿದಂತೆ, ಲುಸೇಷಿಯಾ ಎಂಬ ಸೀಮೆಯಿದೆ. ಅಲ್ಲಿ ಸಾವಿರ ವರ್ಷಗಳಿಗೂ ಹಿಂದಿನಿಂದ ನೆಲೆಸಿದವರು ಸೋರ್ಬರು. ಇಂದು ಅವರ ಸಂಖ್ಯೆ ಸುಮಾರು 60 ಸಾವಿರ. ಅವರ ನುಡಿ ಜರ್ಮನ್ ಅಲ್ಲ. ಪೋಲಿಷ್, ಚೆಕ್ ಭಾಷೆಗಳ ಬಳಗಕ್ಕೆ ಸೇರಿದ್ದು. ನಾಜಿ ಸರ್ಕಾರ 1937ರಲ್ಲಿ ಅವರ ಸಂಘವಾದ 'ದೊಮೊವಿನಾ'ವನ್ನು ನಿಷೇಧಿಸಿತ್ತು. ಆ ಹೆಸರಿನ ಅರ್ಥ ತಾಯ್ನೆಲ.

ಈ ತಾಯ್ನೆಲದ ಒಡಲಲ್ಲಿ ಕಂದು ಕಲ್ಲಿದ್ದಲಿತ್ತು. ಅದನ್ನು ಸುರಂಗ ಕೊರೆದು ತೆಗೆಯುವುದಿಲ್ಲ. ಮೇಲಿನ ಮಣ್ಣನ್ನೆಲ್ಲ ಸರಿಸಿ ಬಗೆಯುತ್ತಾರೆ. ಅದಕ್ಕಾಗಿ ಕಟ್ಟಿದ ಎಫ್-60 ಎಂಬ ಯಂತ್ರಸೇತುವೆಯ ಉದ್ದ ಅರ್ಧ ಕಿಲೋಮೀಟರು. ಅದು 60 ಮೀಟರು ದಪ್ಪದ ಮಣ್ಣನ್ನು ಕಿತ್ತು ಪಕ್ಕಕ್ಕೆ ಹಾಕಬಲ್ಲದು. 1924ರಿಂದೀಚೆಗೆ ಈ ಸೀಮೆಯಲ್ಲಿ 130ಕ್ಕೂ ಹೆಚ್ಚು ಊರುಗಳು ಪೂರ್ತಿಯಾಗಿಯೋ ಭಾಗಶಃವೋ ಹೀಗೆ ಅಳಿದವು.

ಅವುಗಳಲ್ಲೊಂದು ಹೊರ್ನೊ. ಸೋರ್ಬರ ಬಾಯಲ್ಲಿ ಅದು ರೊಗೊವ್. ಸುಮಾರು 350 ಜನರ ಊರು. ಅವರಲ್ಲಿ ಮೂರನೆಯ ಒಂದು ಪಾಲು ಸೋರ್ಬರು. ಯೆನ್ಷ್‌ವಾಲ್ಡೆಯ ಗಣಿ ಈ ಊರನ್ನು ನುಂಗಬೇಕೆಂದು 1970ರ ದಶಕದಲ್ಲಿಯೇ, ಪೂರ್ವ ಜರ್ಮನಿಯ ಕಾಲದಲ್ಲಿ, ಗೊತ್ತಾಗಿತ್ತು. 1990ರಲ್ಲಿ ಜರ್ಮನಿ ಒಂದಾಯಿತು. ಬ್ರಾಂಡನ್‌ಬುರ್ಗ್ ರಾಜ್ಯವು 1992ರಲ್ಲಿ ರಚಿಸಿಕೊಂಡ ಸಂವಿಧಾನದ 25ನೆಯ ವಿಧಿ ಸೋರ್ಬರ ನೆಲೆಯನ್ನು ಕಾಪಾಡುವ ಮಾತನ್ನಾಡಿತು. ಊರಿನವರಿಗೆ ಜೀವ ಬಂದಂತಾಗಿರಬೇಕು.

ಆದರೆ ಅದೇ ರಾಜ್ಯ 1997ರ ಜುಲೈಯಲ್ಲಿ ಕಾಯಿದೆ ಮಾಡಿ ಹೊರ್ನೊವನ್ನು ವಿಸರ್ಜಿಸಿತು. ಗಣಿ ನಿಂತರೆ ವಿದ್ಯುತ್ತಿಗೂ ದುಡಿಯುವವರ ಅನ್ನಕ್ಕೂ ಕುತ್ತು ಎಂಬುದು ಸರ್ಕಾರದ ವಾದ. ಅದು ಸುಳ್ಳು ವಾದವೂ ಅಲ್ಲ. ಕಲ್ಲಿದ್ದಲ ಕೂಲಿಯಿಂದ ಬದುಕಿದ ಸೋರ್ಬ ಕುಟುಂಬಗಳೂ ಇದ್ದವು. ಜನ ನ್ಯಾಯಾಲಯಕ್ಕೆ ಹೋದರು. 25ನೆಯ ವಿಧಿ ರಾಜ್ಯದ ಧ್ಯೇಯವೇ ಹೊರತು ಮೀರಲಾಗದ ಭರವಸೆಯಲ್ಲವೆಂದು ರಾಜ್ಯದ ಸಂವಿಧಾನ ನ್ಯಾಯಾಲಯ 1998ರಲ್ಲಿ ತೀರ್ಪಿತ್ತಿತು. ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯವೂ 2000ದ ಮೇ ತಿಂಗಳಲ್ಲಿ ಅವರ ದೂರನ್ನು ತಳ್ಳಿಹಾಕಿತು. ಹೊಸ ನೆಲೆ ಸೋರ್ಬರ ಸೀಮೆಯೊಳಗೇ ಇದೆಯಲ್ಲ ಎಂಬುದು ಅದು ಕೊಟ್ಟ ಕಾರಣಗಳಲ್ಲೊಂದು. ಜನ ಫೋರ್ಸ್ಟ್ ಪಟ್ಟಣದ ಅಂಚಿನ ಹೊಸ ಹೊರ್ನೊಗೆ ಹೋದರು. 2004ರ ನವೆಂಬರಿನಲ್ಲಿ ಹಳೆಯ ಊರಿನ ಚರ್ಚನ್ನು ಸಿಡಿಮದ್ದಿನಿಂದ ಕೆಡವಿದರು.

ಸೋರ್ಬ ಲೇಖಕ ಯೂರಿಯ್ ಕೋಖ್ ಈ ಸೀಮೆಯ ಅಳಲನ್ನು ಕುರಿತು 1992ರಲ್ಲಿ ಪ್ರಕಟಿಸಿದ ಪುಸ್ತಕದ ಹೆಸರು ಒಂದು ಹಕ್ಕಿಯ ನಲಿವು ನೋವುಗಳನ್ನು ಹೇಳುತ್ತದೆ. ಆ ಹಕ್ಕಿ ನಮ್ಮ ರಾಜ್ಯಪಕ್ಷಿಯಾದ ನೀಲಕಂಠದ ಹತ್ತಿರದ ಬಳಗದ್ದೆಂಬುದನ್ನು ತಿಳಿದಾಗ ಆ ದೂರದ ಸೀಮೆ ನನಗೆ ತುಸು ಸಮೀಪವಾಯಿತು.

ನ್ಯಾಯಾಲಯಗಳ ತರ್ಕದಲ್ಲಿ ಒಂದು ಕೊರತೆ ನನಗೆ ಕಾಣುತ್ತದೆ. ಮನೆಗೆ ಬದಲು ಮನೆ ಕೊಡಬಹುದು. ಊರಿನ ಹೆಸರನ್ನೂ ಹೊಸ ಫಲಕದ ಮೇಲೆ ಬರೆಯಬಹುದು. ಆದರೆ ಭಾಷೆ ಬರಿಯ ಮನೆಯೊಳಗಿನ ಮಾತಲ್ಲ. ನಮ್ಮ ದಾನಶಾಸನಗಳು ಮೂಡಲಿಗೆ ಕೆರೆ, ತೆಂಕಲಿಗೆ ಆಲದ ಮರ ಎಂದು ಎಲ್ಲೆ ಹೇಳುತ್ತವೆ. ಹೊಲ, ದಿಣ್ಣೆ, ತೋಪುಗಳ ಅಂಥ ಹೆಸರುಗಳು ಎಷ್ಟೋ ಕಡೆ ಆಡುವವರು ಬೇರೆ ನುಡಿಗೆ ಹೊರಳಿದ ಮೇಲೂ ಬಾಳುತ್ತವೆ. ಶಂಬಾ ಜೋಶಿಯವರು ಕನ್ನಡ ನಾಡಿನ ಕತೆಯನ್ನು ಎಡೆಗಳ ಹೆಸರುಗಳಿಂದಲೇ ಓದಿದರಲ್ಲವೆ? ಹೊಲವೇ ಹೋದ ಮೇಲೆ ಅದರ ಹೆಸರನ್ನು ಯಾರು, ಯಾವುದನ್ನು ತೋರಿಸಿ, ಮಗುವಿಗೆ ಕಲಿಸಿಯಾರು?

ಹೊಸ ಹೊರ್ನೊದಲ್ಲಿ ಕಣ್ಮರೆಯಾದ ಊರುಗಳ ದಾಖಲೆಮನೆಯೊಂದಿದೆ. ಅಲ್ಲಿ ನೆಲದ ಮೇಲೆ ಹಾಸಿದ ಸೀಮೆಯ ನಕ್ಷೆಯ ಮೇಲೆ ಬಂದವರು ನಡೆದಾಡಬಹುದು. ಯೆನ್ಷ್‌ವಾಲ್ಡೆಯ ಗಣಿಯಲ್ಲಿ ಕಲ್ಲಿದ್ದಲು ತೆಗೆಯುವುದು 2023ರ ಕೊನೆಗೆ ನಿಂತಿತು. ಉಳಿದ ಗುಂಡಿಗಳಿಗೆ ನೀರು ತುಂಬಿಸಿ ಕೆರೆಗಳನ್ನು ಮಾಡುವ ಯೋಜನೆಯಿದೆ. ಆ ಕೆರೆಗಳನ್ನು ಸೋರ್ಬ ನುಡಿಯಲ್ಲಿ ಹೆಸರಿಟ್ಟು ಕರೆಯುವ ಮಂದಿ ಆಗಲೂ ದಡದಲ್ಲಿರಲಿ ಎಂಬುದು ನನ್ನ ಹಾರೈಕೆ.