ಹಳೆಯ ಕೃತಿ, ಹೊಸ ವಾದನ: 'ಹೀರೋ ಟ್ರಯೋ' ಧ್ವನಿಮುದ್ರಿಕೆಯ ಚಾರಿತ್ರಿಕ ಮಹತ್ವ

ಚರಿತ್ರೆಯ ಅಭ್ಯಾಸಿಗಳಾದ ನಾವು ಕೃತಿಯೊಂದರ ಮೂಲಪಾಠವನ್ನು ಅರಸುವುದರಲ್ಲಿ ತೋರುವ ಶ್ರದ್ಧೆಯನ್ನು ಅದರ ಮುಂದಿನ ಬಾಳಿನ ವಿಷಯದಲ್ಲಿ ತೋರುವುದಿಲ್ಲ. ಬಳಿಕ ಬಂದ ರೂಪಗಳನ್ನು ಪಾಠಾಂತರಗಳೆಂದು ಪುಟದ ಅಡಿಗೆ ತಳ್ಳಿಬಿಡುವುದು ವಾಡಿಕೆ. ಸಂಗೀತದ ವಿಷಯದಲ್ಲಿ ಈ ವಾಡಿಕೆ ಎಷ್ಟರಮಟ್ಟಿಗೆ ಸಲ್ಲುತ್ತದೆ? 2020ರಲ್ಲಿ ಪ್ರಕಟವಾದ ಒಂದು ಜಾಸ್ ಧ್ವನಿಮುದ್ರಿಕೆಯನ್ನು ಆಧಾರವಾಗಿಟ್ಟುಕೊಂಡು ಇದನ್ನು ವಿಚಾರಿಸುವುದು ಈ ಕಿರುಲೇಖನದ ಉದ್ದೇಶ.

ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪ್ಯಾರಿಸಿನಲ್ಲಿ ಹಕ್ಕುಪತ್ರ ಪಡೆದ ಸ್ಯಾಕ್ಸೊಫೋನು ಕನ್ನಡ ನಾಡಿಗೆ ಅಪರಿಚಿತವಲ್ಲ. ನಾಗಸ್ವರ ವಿದ್ವಾಂಸರ ಮಗನಾದ ಕದ್ರಿ ಗೋಪಾಲನಾಥರು (ನಿಧನ 2019) ಮೈಸೂರು ಅರಮನೆಯ ವಾದ್ಯವೃಂದದಲ್ಲಿ ಅದನ್ನು ಕೇಳಿ ಮಾರುಹೋಗಿ, ಕರ್ನಾಟಕ ಸಂಗೀತದ ಗಮಕಗಳಿಗೆ ಅದನ್ನು ಒಗ್ಗಿಸಿದರು. ಅವರೊಡನೆ 2008ರಲ್ಲಿ 'ಕಿನ್ಸ್‌ಮೆನ್' ಎಂಬ ಧ್ವನಿಮುದ್ರಿಕೆಯನ್ನು ಹೊರತಂದವರು ಅಮೆರಿಕದ ಜಾಸ್ ವಾದಕ ರುದ್ರೇಶ ಮಹಾಂತಪ್ಪ. ಇವರು 1971ರಲ್ಲಿ ಇಟಲಿಯ ಟ್ರಿಯೆಸ್ಟೆಯಲ್ಲಿ ಭಾರತೀಯ ದಂಪತಿಗಳಿಗೆ ಜನಿಸಿ, ಕೊಲರಾಡೋದಲ್ಲಿ ಬೆಳೆದವರು. ಇವರ ಹೆಸರು ನಮ್ಮ ಹಡಗಲಿ, ಕೊಟ್ಟೂರು ಸೀಮೆಯವರಿಗೆ ನೆರೆಮನೆಯವರ ಹೆಸರಿನಂತೆಯೇ ಕೇಳಿಸೀತು. ಇವರ 2004ರ 'ಮದರ್ ಟಂಗ್' ಎಂಬ ಧ್ವನಿಮುದ್ರಿಕೆಯ ಒಂದು ರಚನೆಗೆ 'ಕನ್ನಡ' ಎಂದೇ ಹೆಸರು.

ಅಲ್ಲಿಯವರೆಗೆ ಸ್ವಂತ ರಚನೆಗಳಿಗಾಗಿ ಪ್ರಸಿದ್ಧರಾಗಿದ್ದ ಮಹಾಂತಪ್ಪನವರು 'ಹೀರೋ ಟ್ರಯೋ'ದಲ್ಲಿ ತಮ್ಮದೊಂದನ್ನೂ ಸೇರಿಸಲಿಲ್ಲ, ಎಲ್ಲವೂ ಪೂರ್ವಸೂರಿಗಳವು. ಪಿಯಾನೋ ಇಲ್ಲ, ಗಿಟಾರ್ ಇಲ್ಲ. ಫ್ರಾಂಸ್ವಾ ಮುತಾಂ ಅವರ ಬಾಸ್ ಮತ್ತು ರೂಡಿ ರಾಯ್‌ಸ್ಟನ್ ಅವರ ಡ್ರಮ್ಸ್ ಮಾತ್ರ ಜತೆಗಿವೆ. ಸ್ವರಮೇಳವನ್ನು ಹಿಡಿದು ನಡೆಸುವ ವಾದ್ಯವೇ ಇಲ್ಲದಿರುವುದರಿಂದ, ಕೇಳುವವನು ತನ್ನ ನೆನಪಿನಿಂದಲೇ ಮೂಲವನ್ನು ತುಂಬಿಕೊಳ್ಳಬೇಕಾಗುತ್ತದೆ.

ಇದರಲ್ಲಿ ಒಂದು ನಿದರ್ಶನ ವಿಶೇಷವಾಗಿ ಗಮನಾರ್ಹ. ಚಾರ್ಲಿ ಪಾರ್ಕರ್ ಅವರ 'ಕನ್ಫರ್ಮೇಷನ್' ಕೃತಿಯ ಸ್ವರಮೇಳದ ನಡೆಯನ್ನು ಮಾರ್ಪಡಿಸಿ ಜಾನ್ ಕೋಲ್ಟ್ರೇನ್ 1960ರಲ್ಲಿ '26-2' ಎಂಬುದನ್ನು ನುಡಿಸಿದರು. ಮಹಾಂತಪ್ಪನವರು ಅದನ್ನು ಪಾರ್ಕರ್ ಅವರದೇ ಆದ 'ಬಾರ್ಬಡೋಸ್' ಎಂಬ ಬೇರೊಂದು ಕೃತಿಯೊಡನೆ ಹೆಣೆದಿದ್ದಾರೆ. ಶಿಷ್ಯನ ವ್ಯಾಖ್ಯಾನವು ಹೀಗೆ ಗುರುವಿನ ಮನೆಗೆ ಮರಳುತ್ತದೆ. ಇಲ್ಲಿ ಮೂಲ ಯಾವುದು, ಪಾಠಾಂತರ ಯಾವುದು? ಮೂರು ತಲೆಮಾರುಗಳ ಸಂವಾದವೇ ಇಲ್ಲಿನ ಆಕರ ಎಂದು ಹೇಳುವುದು ಯುಕ್ತ. ಪಾರ್ಕರ್ ಹುಟ್ಟಿದ್ದು 1920ರಲ್ಲಿ. ಅವರ ಜನ್ಮಶತಾಬ್ದಿಯ ವರ್ಷದಲ್ಲಿಯೇ ಈ ಧ್ವನಿಮುದ್ರಿಕೆ ಹೊರಬಂದಿತು.

ಈ ವಿಚಾರವು ನಮಗೆ ದೂರದ್ದಲ್ಲ. ಸ್ಯಾಕ್ಸೊಫೋನಿಗೆ ನಾಲ್ಕು ವರ್ಷ ಮೊದಲು, 1842ರಲ್ಲಿ, ಅದೇ ಪ್ಯಾರಿಸಿನಲ್ಲಿ ಹಕ್ಕುಪತ್ರ ಪಡೆದ ಹಾರ್ಮೋನಿಯಂ ಇಂದು ನಮ್ಮ ಭಜನೆಯ ಮೇಳಗಳ ಸ್ವಂತ ವಾದ್ಯವಾಗಿದೆ. ಅದರೊಡನೆ ಹಾಡುವ ವಚನ, ತತ್ತ್ವಪದಗಳ ಧಾಟಿ ಊರಿಂದೂರಿಗೆ ಬೇರೆ. ಪಾರ್ಕರ್ ಅವರಿಂದ ಮಹಾಂತಪ್ಪನವರವರೆಗಿನ ಸಂವಾದವನ್ನು ಇಂದು ನಾವು ಗುರುತಿಸಬಲ್ಲೆವು. ಪ್ರತಿಯೊಂದು ಹಂತವೂ ಮುದ್ರಿತವಾಗಿ ಉಳಿದಿರುವುದೇ ಇದಕ್ಕೆ ಕಾರಣ. ಇಟ್ಟಿಗಿಯಂಥ ಊರಿನ ಹಿರಿಯ ಹಾಡುಗಾರನ ಧಾಟಿ ಹಾಗೆ ಉಳಿಯದಿದ್ದರೆ ಅದು ಅವನೊಡನೆಯೇ ಮುಗಿಯುತ್ತದೆ. ವಚನದ ಪಾಠವನ್ನು ಪರಿಷ್ಕರಿಸುವ ನಾವು ಅದನ್ನು ಹಾಡಿದ ಕೊರಳನ್ನು ದಾಖಲಿಸದೆ ಹೋದರೆ, ಚರಿತ್ರೆಯ ಅರ್ಧವನ್ನು ನಮ್ಮ ಕೈಯಾರೆ ಕಳೆದಂತಾದೀತು. ನಮ್ಮ ವಿದ್ಯಾರ್ಥಿಗಳು ರಜೆಯಲ್ಲಿ ಊರಿಗೆ ಹೋದಾಗ ಈ ಕೆಲಸವನ್ನು ಕೈಗೊಳ್ಳಲೆಂದು ನಾವು ಆಶಿಸುತ್ತೇವೆ.