ಕಥೆ, ಚಿತ್ರಕಥೆ, ಸಂಭಾಷಣೆ

ಕನಕಪುರ, ರಾಮನಗರದ ಕಡೆ ‘ಚಿತ್ರಕಥೆ’ ಅಂದರೆ ಜನರ ಮನಸ್ಸು ಸೀದಾ ಸಿನಿಮಾಕ್ಕೆ ಹೋಗುತ್ತದೆ. ಹೋಗಲೇಬೇಕು. 1975ರ ‘ಶೋಲೆ’ಗೆ ರಾಮದೇವರ ಬೆಟ್ಟವೇ ರಾಮಗಢವಾಗಿತ್ತು. ಡೇವಿಡ್ ಲೀನ್ ಕೂಡ ‘ಎ ಪ್ಯಾಸೇಜ್ ಟು ಇಂಡಿಯಾ’ ತೆಗೆಯಲು ಈ ಬಂಡೆಗಳ ಸೀಮೆಗೇ ಬಂದ. ಬೆಳ್ಳಿತೆರೆಯ ಮೇಲೆ ‘ಕಥೆ, ಚಿತ್ರಕಥೆ, ಸಂಭಾಷಣೆ, ನಿರ್ದೇಶನ’ ಎಂದು ಒಂದೇ ಉಸಿರಿನಲ್ಲಿ ಓದುತ್ತಾ ಬೆಳೆದವರು ನಾವು. ‘ಚಲನಚಿತ್ರ’ದಲ್ಲಿದ್ದ ‘ಚಲನ’ ಬಳಸಿ ಬಳಸಿ ಸವೆದು ‘ಚಿತ್ರ’ ಒಂದೇ ಉಳಿಯಿತು. ಅದರ ಬೆನ್ನಿಗೇ ‘ಚಿತ್ರಕಥೆ’ಯೂ ಸಿನಿಮಾದವರ ಪಾಲಾಯಿತು.

ಈ ಪದಕ್ಕೆ ಇನ್ನೊಬ್ಬ ವಾರಸುದಾರನಿದ್ದಾನೆ: ಕಾಮಿಕ್ಸ್. 1965ರಲ್ಲಿ ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಶಾಖೆಯಲ್ಲಿದ್ದ ಜಿ.ಕೆ. ಅನಂತರಾಮ್ ಅವರು ಸಿಂಡರೆಲ್ಲಾಳಂಥ ಪಾಶ್ಚಾತ್ಯ ಕಥೆಗಳ ಕಾಮಿಕ್ಸನ್ನು ಕನ್ನಡದಲ್ಲಿ ಅಚ್ಚು ಹಾಕಿಸಿದರು. ಪುಸ್ತಕಗಳು ಚೆನ್ನಾಗಿ ಮಾರಾಟವಾದವು. ಆ ಗೆಲುವನ್ನು ಕಂಡೇ ಮುಂಬಯಿಯಲ್ಲಿ ಪ್ರಕಾಶಕರು ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರ ಕೈಗೆ ಅಮರ ಚಿತ್ರಕಥೆಯನ್ನು ಕೊಟ್ಟರು. ರಾಮ್ ವಾಯಿರ್ಕರ್ ಚಿತ್ರ ಬರೆದ ‘ಕೃಷ್ಣ’ ಆ ಮಾಲೆಯ 11ನೆಯ ಪುಸ್ತಕ. ಅದಕ್ಕೆ ಮುಂಚಿನ ಹತ್ತು ಅಂಕಿಗಳು ಆ ಪಾಶ್ಚಾತ್ಯ ಕಥೆಗಳದ್ದು. ಇಡೀ ದೇಶ ಓದಿದ ಚಿತ್ರಕಥೆಯ ಮೊದಲ ಹೆಜ್ಜೆ ಕನ್ನಡದ್ದು ಎಂಬುದನ್ನು ನಮ್ಮ ಶಾಲೆಯ ಮಕ್ಕಳಿಗೆ ಯಾರಾದರೂ ಹೇಳಬೇಕು.

ಚಿತ್ರವನ್ನು ನಾವು ‘ಬರೆಯುತ್ತೇವೆ’. ಕಥೆಯನ್ನೂ ಬರೆಯುತ್ತೇವೆ. ಕುಂಚ ಹಿಡಿದವನಿಗೂ ಲೇಖನಿ ಹಿಡಿದವನಿಗೂ ಕನ್ನಡ ಒಂದೇ ಕ್ರಿಯಾಪದ ಕೊಟ್ಟು ಒಂದೇ ಪಂಕ್ತಿಯಲ್ಲಿ ಕೂರಿಸಿದೆ. ಮರ್ಯಾದೆ ಮಾತ್ರ ಹಾಗೆ ಸಮನಾಗಿ ಹಂಚಿಕೆಯಾಗಲಿಲ್ಲ. ಮಕ್ಕಳ ಪತ್ರಿಕೆ ಬಾಲಮಂಗಳದ ಡಿಂಗನನ್ನು ಓದಿ ಬೆಳೆದ ಎಷ್ಟು ಜನಕ್ಕೆ ಅವನನ್ನು ಬರೆದವರ ಹೆಸರು ಗೊತ್ತು?

ಜಪಾನಿನಲ್ಲಿ ಹೆಸರು ಗೊತ್ತಿರುತ್ತದೆ. ಅಲ್ಲಿ ಚಿತ್ರಕಥೆ ‘ಮಂಗಾ’, ಬರೆಯುವವರು ‘ಮಂಗಾಕಾ’. ಶೋಗಾಕುಕಾನ್ ಪ್ರಕಾಶನ 1955ರಿಂದಲೇ ಮಂಗಾಕ್ಕೆ ಪ್ರಶಸ್ತಿ ಇಟ್ಟಿದೆ. ಕೊದಾನ್ಶಾ ಪ್ರಶಸ್ತಿ 1977ರಲ್ಲಿ ಬಂತು. ಅಸಾಹಿ ಶಿಂಬುನ್ ಪತ್ರಿಕೆ ಮಂಗಾಕಾ ತೆಜುಕಾ ಒಸಾಮು ಹೆಸರಿನಲ್ಲಿ ಪ್ರಶಸ್ತಿ ಶುರು ಮಾಡಿ, 1997ರಲ್ಲಿ ಮೊದಲ ಮಹಾಪ್ರಶಸ್ತಿಯನ್ನು ಫುಜಿಕೊ ಎಫ್. ಫುಜಿಯೊ ಅವರ ‘ಡೋರೆಮಾನ್’ಗೆ ಕೊಟ್ಟಿತು. ನಮ್ಮ ಹಳ್ಳಿಗಳ ಟೀವಿಗೂ ಬಂದಿರುವ ಆ ನೀಲಿ ಬೆಕ್ಕು ಪುಸ್ತಕದ ಪುಟದಲ್ಲಿ ಹುಟ್ಟಿದ್ದು. ಫುಜಿಯೊ ಹಿಂದಿನ ವರ್ಷವಷ್ಟೇ ತೀರಿಕೊಂಡಿದ್ದರು.

ತೆಜುಕಾ 1972ರಿಂದ ಹನ್ನೊಂದು ವರ್ಷ ಬರೆದದ್ದು ನಮ್ಮ ಬುದ್ಧನ ಕಥೆ. ಅದರ ಆರಂಭದಲ್ಲೇ ಜಾತಕದ ಮೊಲ ಬರುತ್ತದೆ. ಹಸಿದು ಬಿದ್ದ ಮುದುಕನಿಗೆ ಕರಡಿ, ನರಿ ಏನೇನೋ ತಂದುಕೊಡುತ್ತವೆ. ಮೊಲಕ್ಕೆ ಏನೂ ಸಿಗುವುದಿಲ್ಲ. ಬೆಂಕಿ ಹೊತ್ತಿಸಲು ಮುದುಕನಿಗೆ ಸನ್ನೆ ಮಾಡಿ, ಅದರೊಳಕ್ಕೆ ತಾನೇ ಹಾರುತ್ತದೆ. ಅಲ್ಲಿ ಮಾತು ತೀರಾ ಕಡಿಮೆ, ಒಂದು ಚೌಕದಿಂದ ಇನ್ನೊಂದಕ್ಕೆ ಕಣ್ಣು ದಾಟುವಾಗಲೇ ಎದೆ ಹಿಂಡುತ್ತದೆ. ಕಾದಂಬರಿಕಾರನಿಗೂ ನಿರ್ದೇಶಕನಿಗೂ ದಕ್ಕದ ಕಸುಬು ಇದು. ಇದಕ್ಕೆ ಪ್ರಶಸ್ತಿ ಕೊಟ್ಟ ನಾಡು ಕಸುಬನ್ನು ಸರಿಯಾಗಿ ಗುರುತಿಸಿದೆ ಎಂದೇ ನನ್ನ ಭಾವನೆ.

ಬೆಂಗಳೂರಿನಲ್ಲಿ ವಿ.ಜಿ. ನರೇಂದ್ರ ಅವರು ಕಟ್ಟಿದ ಭಾರತೀಯ ವ್ಯಂಗ್ಯಚಿತ್ರಕಾರರ ಸಂಸ್ಥೆ ವ್ಯಂಗ್ಯಚಿತ್ರಕಾರ್ತಿ ಮಾಯಾ ಕಾಮತ್ ನೆನಪಿನಲ್ಲಿ ರಾಜಕೀಯ ವ್ಯಂಗ್ಯಚಿತ್ರಗಳಿಗೆ ಬಹುಮಾನ ಕೊಡುತ್ತದೆ. ದೊಡ್ಡ ಕೆಲಸ. ಆದರೆ ವ್ಯಂಗ್ಯಚಿತ್ರ ಒಂದು ಚೌಕದ ಕಲೆ, ಚಿತ್ರಕಥೆ ನೂರು ಚೌಕದ್ದು. ಸರ್ಕಾರ ‘ಅತ್ಯುತ್ತಮ ಚಿತ್ರಕಥೆ’ ಎಂದು ಕೊಡುವುದು ಚಲನಚಿತ್ರ ಪ್ರಶಸ್ತಿಗಳಲ್ಲಿ. ಅದನ್ನು ಪಡೆದವರ ಬಗ್ಗೆ ನನಗೆ ಗೌರವವೇ ಇದೆ. ಅದೇ ಹೆಸರಿನ ಇನ್ನೊಂದು ಬಹುಮಾನ ಪುಸ್ತಕಕ್ಕೂ ಇರಲಿ ಎಂದು ಕೇಳುತ್ತಿದ್ದೇನೆ.

ವಸ್ತುವಿಗೆ ಬರವಿಲ್ಲ. ನಮ್ಮ ಸೀಮೆಯ ಕಬ್ಬಾಳಮ್ಮನ ಗುಡಿಗೆ ಬರುವ ಭಕ್ತರು ಪೂಜೆ ಮುಗಿಸಿ ತಲೆಯೆತ್ತಿದರೆ ಎದುರಿಗೆ ಕಬ್ಬಾಳದುರ್ಗ, ಕಡಿದಾದ ಒಂಟಿ ಬಂಡೆಯ ಬೆಟ್ಟ. 1734ರಲ್ಲಿ ದಳವಾಯಿಗಳು ಮೈಸೂರಿನ ಅರಸ ಚಾಮರಾಜ ಒಡೆಯರನ್ನು ಪಟ್ಟದಿಂದ ಇಳಿಸಿ ಸೆರೆಯಿಟ್ಟದ್ದು ಇಲ್ಲಿ. ಅರಸರು ತೀರಿಕೊಂಡದ್ದೂ ಇಲ್ಲೇ. ಅರಮನೆಯ ಒಳಸಂಚು, ರಾತ್ರಿಯ ಪಯಣ, ಮೇಲಕ್ಕೆ ಹತ್ತಿದಷ್ಟೂ ಕೆಳಗೆ ಕಿರಿದಾಗುವ ಊರು: ಇವು ಶಾಯಿಯಲ್ಲಿ ಬರೆಯಬೇಕಾದ ಚೌಕಗಳು. ಕನಕಪುರದ ಹೈಸ್ಕೂಲೊಂದರಲ್ಲಿ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಡೋರೆಮಾನ್ ಬರೆಯುತ್ತಿರುವ ಹುಡುಗಿ ಅದನ್ನು ಬರೆಯಬಲ್ಲಳು. ಜಪಾನಿನ ವಿದೇಶಾಂಗ ಇಲಾಖೆ 2007ರಿಂದ ಹೊರದೇಶದವರ ಮಂಗಾಕ್ಕೂ ಅಂತರರಾಷ್ಟ್ರೀಯ ಪ್ರಶಸ್ತಿ ಕೊಡುತ್ತಿದೆ. ಅವಳು ಅಲ್ಲಿಗೆ ಕಳಿಸುವ ಮೊದಲು ಬೆಂಗಳೂರಿಗೆ ಕಳಿಸುವಂತಾಗಲಿ.