ಹಗೇವಿನಿಂದ ಒಲೆಯವರೆಗೆ

ವಾರದ ಅಡುಗೆಗೆ ಬೇಕಾದುದನ್ನೆಲ್ಲ ಒಂದೇ ದಿನ ಕುಳಿತು ಸಿದ್ಧಪಡಿಸಿಟ್ಟರೆ ವ್ಯಯಿಸಿದ ವೇಳೆಗೆ ತಕ್ಕ ಫಲ ದೊರೆಯುವುದೇ ಎಂಬ ಪ್ರಶ್ನೆಯನ್ನು ಇಂದಿನ ಗೃಹಸ್ಥರು ಹೊಸದೆಂಬಂತೆ ಚರ್ಚಿಸುತ್ತಿರುವರಾದರೂ, ಗೌರಿಬಿದನೂರು ಸೀಮೆಯ ಕುಡುಮಲಕುಂಟೆಯಂತಹ, ಮಳೆಯನ್ನೇ ನಂಬಿ ಬಾಳಿದ ಹಳ್ಳಿಗಳಲ್ಲಿ ಅದಕ್ಕೆ ರಾಗಿಯೇ ಬಹುಕಾಲದ ಹಿಂದೆ ಉತ್ತರ ಕೊಟ್ಟಿದ್ದಿತು.

ಸುಲಭವಾಗಿ ಹುಳು ಹಿಡಿಯದ ಆ ಧಾನ್ಯವನ್ನು ನೆಲದೊಳಗೆ ತೋಡಿದ ಹಗೇವಿಗೆ ತುಂಬಿ, ಸುತ್ತಲೂ ಹುಲ್ಲು ಹೊದಿಸಿ, ಬಾಯಿಗೆ ಚಪ್ಪಡಿಯಿಟ್ಟು ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ತೆರೆದೊಡನೆ ಇಳಿದವನ ಪ್ರಾಣಕ್ಕೆ ಒಳಗಿನ ಕೆಟ್ಟ ಗಾಳಿಯಿಂದ ಅಪಾಯವಿದ್ದುದರಿಂದ, ಚಪ್ಪಡಿ ಸರಿಸಿ ಬಹಳ ಹೊತ್ತು ಕಾದೇ ಇಳಿಯುತ್ತಿದ್ದರು. 1800ರಲ್ಲಿ ಶಿಡ್ಲಘಟ್ಟ, ಚಿಕ್ಕಬಳ್ಳಾಪುರಗಳ ಮಾರ್ಗವಾಗಿ ಸಂಚರಿಸಿ, 1807ರಲ್ಲಿ ತನ್ನ ಪ್ರವಾಸಕಥನವನ್ನು ಮೂರು ಸಂಪುಟಗಳಲ್ಲಿ ಪ್ರಕಟಿಸಿದ ಫ್ರಾನ್ಸಿಸ್ ಬುಕಾನನ್ ರಾಗಿಯ ಬೇಸಾಯವನ್ನು ಅಷ್ಟು ವಿವರವಾಗಿ ವರ್ಣಿಸಿದುದು, ಇಲ್ಲಿನ ಜೀವನವೆಲ್ಲ ಅದನ್ನೇ ಆಶ್ರಯಿಸಿದ್ದುದನ್ನು ಕಂಡೇ ಇರಬೇಕು.

ಆದರೆ ಕೂಡಿಟ್ಟುದು ಧಾನ್ಯವನ್ನೇ ಹೊರತು ಬೆಂದುದನ್ನಲ್ಲ. ಮುದ್ದೆಯನ್ನು ಆಗಲೇ ತೊಳಸಿ ಬಿಸಿಯಾಗಿಯೇ ಉಣ್ಣುವರು. ಉಳಿದುದು ಮರುದಿನದ ಬೆಳಗಿಗೆ ಮಜ್ಜಿಗೆ ಬೆರೆತ ತಂಗಳಾಗಿ ಮುಗಿಯುವುದು. ಮುಂಚಿತವಾಗಿ ಮಾಡಿಡುತ್ತಿದ್ದುದು ಬೇಸಿಗೆಯ ಹಪ್ಪಳ ಸಂಡಿಗೆ, ಸಾರಿನ ಪುಡಿ, ಮತ್ತು ರಾಗಿಯನ್ನು ನೆನೆಸಿ ಹುರಿದು ಅರಳಿಸಿ ಬೀಸಿದ ಹುರಿಹಿಟ್ಟು. ಈ ಹುರಿಹಿಟ್ಟಿನ ಬೆಲೆ ತಿಳಿಯಬೇಕಾದರೆ ರೇಷ್ಮೆಹುಳು ಸಾಕುವ ಮನೆಯನ್ನು ನೋಡಬೇಕು. ನಾಲ್ಕನೆಯ ಜ್ವರದಿಂದ, ಎಂದರೆ ನಾಲ್ಕನೆಯ ಸಲ ಪೊರೆ ಕಳಚಿ, ಎದ್ದ ಹುಳು, ತನ್ನ ಆಯುಷ್ಯದ ಆಹಾರದ ಬಹುಪಾಲನ್ನು ಗೂಡು ಕಟ್ಟಲು ಚಂದ್ರಿಕೆಯೆಂಬ ತಟ್ಟೆಗೆ ಏರುವ ಮುನ್ನಿನ ಏಳೆಂಟು ದಿನಗಳಲ್ಲಿಯೇ ತಿಂದು ಮುಗಿಸುವುದರಿಂದ, ಹಗಲಿರುಳು ಸೊಪ್ಪು ಕೊಯ್ದು ತಂದು ಹಾಕುವ ಮನೆಮಂದಿಗೆ ಒಲೆಯ ಮುಂದೆ ಕೂರುವ ಬಿಡುವೆಲ್ಲಿಯದು? ಹುರಿಹಿಟ್ಟಿಗೆ ಬೆಲ್ಲವನ್ನೋ ಮಜ್ಜಿಗೆಯನ್ನೋ ಸೇರಿಸಿ ಕಲಸಿಕೊಂಡರೆ, ಬೆಂಕಿಯ ಹಂಗಿಲ್ಲದೆ ಒಂದು ಹೊತ್ತಿನ ಹಸಿವು ತೀರುವುದು.

ಈ ಉಳಿತಾಯಕ್ಕೆ ಬೆಲೆ ತೆತ್ತವರು ಹೆಂಗಸರೆಂಬುದನ್ನು ಮರೆಯಲಾಗದು. ಕೋಳಿ ಕೂಗುವ ಮುನ್ನವೇ ಎದ್ದು ಬೀಸುವ ಕಲ್ಲಿನ ಮುಂದೆ ಕುಳಿತವರ ನಿದ್ರೆಯನ್ನು ಯಾವ ಲೆಕ್ಕದಲ್ಲಿಯೂ ಯಾರೂ ಬರೆದಿಡಲಿಲ್ಲ. ಹಿಟ್ಟಿನ ಗಿರಣಿ ಬಂದ ಮೇಲೆ ವಾರಕ್ಕಾಗುವಷ್ಟು ರಾಗಿಯನ್ನು ಒಮ್ಮೆಗೇ ಬೀಸಿಸಿ ತರುವುದು ಸಾಧ್ಯವಾಯಿತು. ನಮ್ಮ ಅಡುಗೆಮನೆಗಳ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಬಿಡುಗಡೆಯನ್ನು ನಾನರಿಯೆ.

ಇಂದು ಕುಡುಮಲಕುಂಟೆಯಲ್ಲಿ ಕೈಗಾರಿಕಾ ಪ್ರದೇಶವಿದೆ. ಕಾರ್ಖಾನೆಯ ಪಾಳಿ ಹುಳುವಿನ ಹಸಿವಿನಂತೆಯೇ ಯಾರಿಗಾಗಿಯೂ ಕಾಯದು. ಅಲ್ಲಿ ದುಡಿಯುವ ಗೃಹಿಣಿ ರಜೆಯ ದಿನದ ಒಂದೆರಡು ಗಂಟೆಗಳನ್ನು ಹಿಟ್ಟಿಗೆ, ಪುಡಿಗೆ, ಹುರುಳಿಯನ್ನು ಮೊಳಕೆ ಕಟ್ಟುವುದಕ್ಕೆ ಕೊಟ್ಟರೆ ಆ ವೇಳೆ ನಿಶ್ಚಯವಾಗಿಯೂ ವಾರವಿಡೀ ಮರಳಿ ಬರುವುದು. ಅದೇ ವೇಳೆಯಲ್ಲಿ ಏಳು ದಿನದ ಮುದ್ದೆಯನ್ನೇ ಕಟ್ಟಿ ಫ್ರಿಜ್ಜಿಗೆ ತುಂಬಿದಳಾದರೆ, ಅದು ಬಿರುಸಾಗಿ ಸಾರಿನೊಡನೆ ಬೆರೆಯದೆ, ವಾರದ ನಡುವೆಯೇ ಮತ್ತೆ ಎಸರಿಡಬೇಕಾಗುವುದು.